ಗುಡ್ ಮಾರ್ನಿಂಗ್ ಚಿಟ್ಟೆಯೂ ಕರಿಬೇವಿನ ಹುಳವೂ

ಬೆಳಿಗ್ಗೆ ಆರೂಕಾಲಕ್ಕೆ ನನ್ನ ಮೊಬೈಲು ಟಿಣ್ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಎದ್ದಿದ್ದಾರೆ ಎಂದು ಅರ್ಥ. ಅವರು ಎದ್ದು ಮುಖ ತೊಳೆಯುತ್ತಾರೋ ಇಲ್ಲವೋ ನಾನರಿಯೆ, ಮೊದಲು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಚಿಟ್ಟೆಯನ್ನು ಬಿಡುತ್ತಾರೆ. ಗುಲಾಬಿಯ ಮೇಲೆ ಗುಲಾಬಿಗಿಂತ ದೊಡ್ಡ ಚಿಟ್ಟೆ, ಎಲೆಯ ತುದಿಯಲ್ಲಿ ನೀರಿನ ಹನಿ, ಹಿಂದೆ ಸೂರ್ಯ, ಅಡಿಯಲ್ಲಿ ಚಿನ್ನದ ಅಕ್ಷರದಲ್ಲಿ ಗುಡ್ ಮಾರ್ನಿಂಗ್. ಒಂದು ದಿನ ಬಂದ ಚಿಟ್ಟೆಗೆ ಎಂಟು ಕಾಲಿದ್ದವು. ನಾನು ಚಿತ್ರ ಹಿಗ್ಗಿಸಿ ಎಣಿಸಿದೆ. ನಂಜನಗೂಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ಕೀಟಕ್ಕೆ ಆರೇ ಕಾಲು ಎಂದು ಮಕ್ಕಳ ಬಾಯಲ್ಲಿ ನೂರು ಸಲ ಹೇಳಿಸಿದವಳು. ಆ ಎಂಟು ಕಾಲಿನ ಚಿಟ್ಟೆಗೆ ನಮ್ಮ ಗುಂಪಿನ ಅರ್ಧಕ್ಕರ್ಧ ಜನ ಕೈಮುಗಿಯುವ ಚಿತ್ರ ಹಾಕಿದ್ದರು. ಅದರಲ್ಲಿ ನಾನೂ ಒಬ್ಬಳು. ಏನು ಮಾಡುವುದು ಹೇಳಿ, ಒಂದೇ ಗೇಟಿನೊಳಗೆ ಇರಬೇಕಲ್ಲ.

ಆ ಒಂದು ಕೈಮುಗಿಯುವ ಅಭ್ಯಾಸ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುವುದಕ್ಕೇ ಇವತ್ತು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಬಿಪಿ ಮಾತ್ರೆ ನುಂಗುವವಳು ಸಿಟ್ಟು ಮಾಡಿಕೊಳ್ಳಬಾರದು ಎಂದು ನಮ್ಮವರು ಹೇಳುತ್ತಾರೆ. ಅವರಿಗೇನು, ಬೆಳಿಗ್ಗೆ ತಾಂಬರಂ ಸ್ಟೇಷನ್ನಿಗೆ ಓಡಿ ಎಲೆಕ್ಟ್ರಿಕ್ ಟ್ರೇನು ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಸಿಟ್ಟು ಬರುವಂಥದ್ದೆಲ್ಲ ನಡೆಯುವುದು ನಡುವಿನ ಹೊತ್ತಿನಲ್ಲಿ.

ಮೊದಲು ನಮ್ಮ ತೋಟ. ತೋಟ ಎಂದರೆ ನೀವು ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ನಮ್ಮದು ನೆಲಮಹಡಿಯ ಮನೆ. ಅಡುಗೆಮನೆಯ ಕಿಟಕಿಗೂ ಕಾಂಪೌಂಡ್ ಗೋಡೆಗೂ ನಡುವೆ ಒಬ್ಬರು ಅಡ್ಡ ಮಲಗಿದರೆ ತುಂಬಿಹೋಗುವಷ್ಟು ಅಗಲದ ಪಟ್ಟಿ ನೆಲ ಉಳಿದಿದೆ. ಕಟ್ಟಡ ಕಟ್ಟಿದವನಿಗೆ ಅಲ್ಲಿ ಕಾರು ನಿಲ್ಲಿಸಲಾಗಲಿಲ್ಲ, ಅದಕ್ಕೆ ಉಳಿದಿದೆ, ಇನ್ನು ಯಾವ ಪುಣ್ಯದಿಂದಲೂ ಅಲ್ಲ. ಅದರಲ್ಲಿ ಒಂದು ಕರಿಬೇವಿನ ಗಿಡ, ಒಂದು ಸಾಲು ಸ್ಫಟಿಕದ ಹೂವಿನ ಗಿಡ, ತಾನಾಗಿ ಹುಟ್ಟಿದ ಗಣಿಕೆ, ಗೇಟಿನ ಕಡೆಯ ಮೂಲೆಯಲ್ಲಿ ನುಗ್ಗೆ ಮರ.

ಈ ತಮಿಳು ಊರಿನ ಗಿಡಗಳ ಪಂಚಾಂಗವೇ ಬೇರೆ. ನಮ್ಮ ಕಡೆ ಯುಗಾದಿಗೆ ಚಿಗುರು. ಇಲ್ಲಿ ಯುಗಾದಿಯ ಹೊತ್ತಿಗೆ ಗಿಡಗಳು ಎಲೆ ಮುದುರಿಕೊಂಡು ಇನ್ನು ಆರು ತಿಂಗಳು ನಮ್ಮನ್ನು ಮಾತಾಡಿಸಬೇಡಿ ಎಂದು ನಿಂತುಬಿಡುತ್ತವೆ. ನವೆಂಬರಿನ ಮಳೆ ಹೊಡೆದು, ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು ನಿಂತು, ಅದು ಇಳಿದ ಮೇಲೆ, ಇನ್ನೇನು ವರ್ಷವೇ ಮುಗಿಯಿತು ಅನ್ನುವಾಗ, ಇಲ್ಲಿ ಹೂವು ಶುರು. ಸ್ಫಟಿಕವನ್ನು ಇಲ್ಲಿಯವರು ಡಿಸೆಂಬರ್ ಪೂ ಎಂದೇ ಕರೆಯುತ್ತಾರೆ. ಎಲ್ಲ ಹೂವಿನ ಸರದಿ ಮುಗಿದ ಮೇಲೆ ನೇರಳೆ ಬಣ್ಣದಲ್ಲಿ ಬಿಡುವ ಅದಕ್ಕೆ ವಾಸನೆಯೂ ಇಲ್ಲ, ಜಂಬವೂ ಇಲ್ಲ. ಅದೇ ಹೊತ್ತಿಗೆ ಗಣಿಕೆಯಲ್ಲಿ ಕಪ್ಪು ಹಣ್ಣು. ಚಿಕ್ಕವಳಿದ್ದಾಗ ಹಿತ್ತಲಲ್ಲಿ ಕೂತು ಗಣಿಕೆ ಹಣ್ಣು ತಿಂದು, ತಿಂದಿಲ್ಲ ಅಂತ ಅಮ್ಮನ ಮುಂದೆ ಆಣೆ ಇಟ್ಟು, ನಾಲಿಗೆ ತೋರಿಸು ಅಂದಾಗ ಸಿಕ್ಕಿಬಿದ್ದವಳು ನಾನು. ಇಲ್ಲಿ ಅದೇ ಮಣತ್ತಕ್ಕಾಳಿ, ಅದರ ಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಹುಳಿಗೆ ಹಾಕುತ್ತಾರೆ. ಎರಡನೇ ಮಹಡಿಯವರು ಅದನ್ನು ಕೇಳಿ ಒಯ್ಯುತ್ತಾರೆ. ಸೆಕ್ರೆಟರಿ ಮಾತ್ರ ಅದನ್ನು ಕಳೆ ಅನ್ನುತ್ತಾರೆ.

ಕರಿಬೇವನ್ನಂತೂ ಕೇಳದವರೇ ಇಲ್ಲ. ಹತ್ತು ಗಂಟೆಗೆ ಒಗ್ಗರಣೆ ಹೊತ್ತಾಯಿತೆಂದರೆ ನಮ್ಮ ಬಾಗಿಲ ಗಂಟೆ ಹೊಡೆಯುತ್ತದೆ. ಎರಡು ಎಸಳು ಸಾಕು ಅನ್ನುತ್ತಾರೆ, ಸರಿ ಎಂದು ಕೊಟ್ಟರೆ ಬೆಳಕಿಗೆ ಹಿಡಿದು ನೋಡುತ್ತಾರೆ. ‘ಹುಳ ತಿಂದಿರೋದು ಬೇಡ, ತೂತಿಲ್ಲದ್ದು ಕೊಡಿ ಆಂಟಿ.’ ಪುಕ್ಕಟೆ ಸೊಪ್ಪಿಗೆ ಇಷ್ಟು ಪರೀಕ್ಷೆ! ತೂತಿಲ್ಲದ್ದು ಬೇಕಾದರೆ ಕೋಯಂಬೇಡಿನ ಮಾರ್ಕೆಟ್ಟಿನಿಂದ ಲಾರಿಯಲ್ಲಿ ಬರುತ್ತದೆಯಲ್ಲ, ಫಳಫಳ ಹೊಳೆಯುವ ಸೊಪ್ಪು, ಅದನ್ನು ಕೊಳ್ಳಿ. ಹುಳವೂ ಮುಟ್ಟದ ಸೊಪ್ಪನ್ನು ನಾವು ಹೇಗೆ ತಿನ್ನುತ್ತೇವೆ ಎಂದು ಒಬ್ಬರಾದರೂ ಯೋಚಿಸಿದ್ದಾರೆಯೇ?

ಇಷ್ಟೆಲ್ಲ ಆಡುವ ನಾನೂ ಹೋದ ನವೆಂಬರಿನವರೆಗೆ ಹುಳ ಕಂಡರೆ ಚೀರುತ್ತಿದ್ದೆ. ಕಾರಣ ಇದೆ. ಐದನೇ ಕ್ಲಾಸಿನಲ್ಲಿದ್ದಾಗ ಹಿತ್ತಲಿನ ನಿಂಬೆ ಗಿಡದಿಂದ ಒಂದು ಹುಳ ಹಿಡಿದು ಬಾಟಲಿಗೆ ಹಾಕಿದ್ದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದೆ, ಎಲೆ ಹಾಕಿದ್ದೆ, ಎಲ್ಲ ಸರಿಯಾಗಿತ್ತು. ಆದರೆ ಅದು ಉಪ್ಪಿನಕಾಯಿ ಬಾಟಲಿ. ತೊಳೆದಿದ್ದರೂ ಖಾರ ಬಿಟ್ಟಿರಲಿಲ್ಲವೇನೋ. ಮರುದಿನ ಅದು ಮುದುರಿಕೊಂಡು ಬಿದ್ದಿತ್ತು. ಆಮೇಲೆ ಟೀಚರಾಗಿ ವರ್ಷವರ್ಷ ಬೋರ್ಡಿನ ಮೇಲೆ ಮೊಟ್ಟೆ, ಹುಳ, ಗೂಡು, ಚಿಟ್ಟೆ ಎಂದು ನಾಲ್ಕು ಚಿತ್ರ ಬರೆದು ನಾಲ್ಕು ಬಾಣ ಎಳೆದೆ. ‘ಮಿಸ್, ಗೂಡಿಂದ ಆಚೆ ಬರೋದನ್ನ ನೀವು ನೋಡಿದೀರಾ?’ ಎಂದು ಒಬ್ಬ ಹುಡುಗಿ ಕೇಳಿದಳು. ‘ಪರೀಕ್ಷೆಗೆ ಬರೋದನ್ನ ಓದಮ್ಮ’ ಅಂದೆ. ಎಂಥ ಉತ್ತರ! ಆ ಹುಡುಗಿಯ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ.

ನನ್ನ ಚೀರಾಟ ನಿಲ್ಲಿಸಿದವರು ನಮ್ಮತ್ತೆ. ಅವರಿಗೆ ಎಂಬತ್ತೊಂದು. ಕೃಷ್ಣರಾಜನಗರದಿಂದ ನಮ್ಮ ಜೊತೆ ಇರಲು ಬಂದು ಎರಡು ವರ್ಷವಾಯಿತು. ತಮಿಳಿನಲ್ಲಿ ಅವರಿಗೆ ಬರುವುದು ‘ವಾಂಗೊ’ ಮತ್ತು ‘ಪೋದುಂ’, ಬನ್ನಿ ಮತ್ತು ಸಾಕು. ಇಷ್ಟರಲ್ಲೇ ಹಾಲಿನವನು, ಹೂವಿನವಳು, ಇಸ್ತ್ರಿಯವನು ಎಲ್ಲರನ್ನೂ ನಿಭಾಯಿಸುತ್ತಾರೆ. ಎರಡು ಕಣ್ಣಿಗೂ ಪೊರೆ ಬಂದು ಮನುಷ್ಯರೆಲ್ಲ ಅವರಿಗೆ ಮಂಜಿನೊಳಗಿನ ಆಕಾರಗಳಾಗಿದ್ದರು. ಆಪರೇಷನ್ ಮಾಡಿಸೋಣ ಅತ್ತೆ ಅಂದರೆ, ‘ನೋಡೋದೆಲ್ಲ ನೋಡಾಯ್ತು, ಬಿಡು. ಇನ್ನೇನಿದೆ ಇಲ್ಲಿ ನೋಡಕ್ಕೆ, ನಿಮ್ಮ ಕಾಂಪೌಂಡಾ?’ ಅನ್ನುತ್ತಿದ್ದರು. ಮಗ ಹೇಳಿದರೂ ಇಲ್ಲ, ಡಾಕ್ಟರು ಹೇಳಿದರೂ ಇಲ್ಲ.

ಹೋದ ನವೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಹಿತ್ತಲಿಂದ ನೇರ ಒಲೆಯ ಹತ್ತಿರ ಬಂದು ತಮ್ಮ ಬೆರಳನ್ನು ನನ್ನ ಮೂಗಿಗೆ ಹಿಡಿದರು.

‘ಮೂಸು.’

ಕೊಳೆತ ನಿಂಬೆಹಣ್ಣಿನ ವಾಸನೆ. ‘ಏನತ್ತೆ ಇದು?’

‘ಕರಿಬೇವಲ್ಲಿ ಹುಳ ಐತೆ ಕಣೇ. ಮುಟ್ಟಿದ್ರೆ ಕೊಂಬು ಬಿಟ್ಟು ಹಿಂಗೆ ನಾತ ಹೊಡೀತದೆ. ನಮ್ಮೂರಿನ ನಿಂಬೆ ಗಿಡದಲ್ಲೂ ಇರ್ತಿತ್ತು. ಹಳದಿ ಕರಿ ಚಿಟ್ಟೆ ಆಯ್ತದೆ ಅದು. ಬಾ, ಎಷ್ಟಿದಾವೆ ಎಣಿಸಿ ಹೇಳು.’

ಕಣ್ಣು ಕಾಣದವರು ಹುಳ ಕಂಡುಹಿಡಿದರು, ಕಣ್ಣಿದ್ದ ಟೀಚರಮ್ಮ ಸೆರಗು ಮೂಗಿಗೆ ಹಿಡಿದು ಎರಡು ಮಾರು ದೂರದಲ್ಲಿ ನಿಂತು ಎಣಿಸಿದಳು. ಒಂಬತ್ತಿದ್ದವು. ಕೆಲವು ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ, ಕೆಲವು ಬಲಿತು ಹಸಿರಾಗಿ ಬೆರಳಿನಷ್ಟು ದಪ್ಪ. ಅವತ್ತಿಂದ ಅತ್ತೆಗೆ ದಿನಾ ವರದಿ ಕೊಡುವುದು ನನ್ನ ಕೆಲಸವಾಯಿತು. ಯಾವುದು ಬಣ್ಣ ಬದಲಾಯಿಸಿತು, ಯಾವುದು ಎಷ್ಟು ಎಲೆ ಖಾಲಿ ಮಾಡಿತು, ಎಲ್ಲ ಹೇಳಬೇಕು. ವರದಿ ಕೊಡಲು ಹೋಗಿ ಹತ್ತಿರ ಹೋದೆ, ಹತ್ತಿರ ಹೋಗಿ ಹೆದರಿಕೆ ಬಿಟ್ಟಿತು. ಮುಟ್ಟುವಷ್ಟಲ್ಲ, ನೋಡುವಷ್ಟು. ಸ್ಫಟಿಕದ ಹೂವಿಗೆ ಆಗಲೇ ದೊಡ್ಡ ಚಿಟ್ಟೆಗಳು ಬರುತ್ತಿದ್ದವು, ಕಪ್ಪಿನ ಮೇಲೆ ತಿಳಿಹಳದಿ ಚುಕ್ಕೆ, ಹಿಂದಿನ ರೆಕ್ಕೆಯ ಕೊನೆಯಲ್ಲಿ ಒಂದು ಕೆಂಪು ಬೊಟ್ಟು. ನಾನು ವರ್ಣಿಸುತ್ತಿದ್ದೆ, ಅತ್ತೆ ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು. ಒಂದು ದಿನ ಅವರಾಗಿಯೇ, ‘ಕೆಂಪು ಬೊಟ್ಟು ಈಗಲೂ ಐತಾ?’ ಎಂದು ಕೇಳಿದರು.

ಅದೇ ಸಮಯ ನೋಡಿ ಬಲೆ ಬೀಸಿದೆ. ‘ಅತ್ತೆ, ಆಪರೇಷನ್ ಮಾಡಿಸ್ಕೊಳಿ. ಅಷ್ಟರಲ್ಲಿ ಇವು ಗೂಡು ಕಟ್ಟಿರ್ತವೆ. ಗೂಡು ಒಡ್ಕೊಂಡು ಚಿಟ್ಟೆ ಆಚೆ ಬರೋದನ್ನ ನಿಮ್ಮ ಕಣ್ಣಲ್ಲೇ ತೋರಿಸ್ತೀನಿ.’

‘ತೋರಿಸ್ತೀಯಾ?’

‘ತೋರಿಸ್ತೀನಿ.’

‘ಮಾತು ತಪ್ಪಬಾರ್ದು.’

‘ತಪ್ಪಲ್ಲ.’

ಮಗನಿಗೂ ಡಾಕ್ಟರಿಗೂ ಒಲಿಯದವರು ಒಂಬತ್ತು ಹುಳಕ್ಕೆ ಒಲಿದರು. ಡಿಸೆಂಬರಿನ ಎರಡನೇ ವಾರಕ್ಕೆ ದಿನ ಗೊತ್ತಾಯಿತು, ಮೊದಲು ಒಂದು ಕಣ್ಣು.

ಈಗ ಕೇಳಿ. ಆಪರೇಷನ್ನಿನ ದಿನ ಬೆಳಿಗ್ಗೆ ಆಟೋ ಗೇಟಿನಲ್ಲಿ ನಿಂತಿದೆ. ನಮ್ಮವರು ಅತ್ತೆಯ ಕೈಹಿಡಿದು ಹತ್ತಿಸುತ್ತಿದ್ದಾರೆ. ನಾನು ಬಾಗಿಲಿಗೆ ಬೀಗ ಹಾಕಿ ತಿರುಗಿದರೆ, ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಇಬ್ಬರು ನುಗ್ಗೆ ಮರದ ಕೆಳಗೆ ನಿಂತು ಔಷಧಿ ಕಲಸುತ್ತಿದ್ದಾರೆ. ನುಗ್ಗೆಯಲ್ಲಿ ಕಂಬಳಿ ಹುಳ ಬಂದು ಯಾರದೋ ಕುತ್ತಿಗೆಗೆ ತಾಗಿ ತುರಿಕೆ ಎದ್ದಿತ್ತಂತೆ. ಅದಕ್ಕೆ ಇಡೀ ಕಾಂಪೌಂಡಿಗೆ ಔಷಧಿ. ಕಂಬಳಿ ಹುಳ ಮಾಡಿದ ತಪ್ಪಿಗೆ ಕರಿಬೇವಿನ ಹುಳಕ್ಕೆ ಗಲ್ಲು! ‘ಈ ಕಡೆ ಬೇಡ, ಇಲ್ಲಿ ಹೊಡೀಬೇಡಿ’ ಎಂದು ತಮಿಳಿನಲ್ಲಿ ಹೇಳಿದೆ. ‘ಎಲ್ಲ ಕಡೆಯೂ ಹೊಡೆಯಿರಿ ಎಂದು ಸೆಕ್ರೆಟರಿ ಸಾರ್ ಹೇಳಿದ್ದಾರೆ’ ಅಂದರು. ಸೆಕ್ರೆಟರಿ ವಾಕಿಂಗ್ ಹೋಗಿದ್ದರು. ಆಟೋದವನು ಹಾರನ್ ಹೊಡೆದ. ಆಸ್ಪತ್ರೆಯಲ್ಲಿ ಎಂಟಕ್ಕೆ ಇರಬೇಕು.

ಆಗ ನಾನು ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬೀಗ ತೆಗೆದು ಒಳಗೆ ಓಡಿ, ಕತ್ತರಿ ತಂದು, ಕರಿಬೇವಿನ ಒಳ್ಳೆಯ ಒಳ್ಳೆಯ ಕಡ್ಡಿಗಳನ್ನು ಕಚಕಚ ಕತ್ತರಿಸಿ, ಪೇಪರಿನಲ್ಲಿ ಸುತ್ತಿ, ಫ್ರಿಜ್ಜಿನ ತರಕಾರಿ ಡಬ್ಬಿಗೆ ತುರುಕಿದೆ. ಔಷಧಿ ಬಿದ್ದರೆ ಹದಿನೈದು ದಿನ ಸೊಪ್ಪು ಬಳಸುವ ಹಾಗಿಲ್ಲವಲ್ಲ, ಹಬ್ಬದ ಸಾಲು ಬೇರೆ! ಆಮೇಲೆ ಬೀಗ ಹಾಕಿ ಆಟೋ ಹತ್ತಿದೆ. ಕೈಗೆ ಸಿಕ್ಕ ಹುಳಗಳನ್ನು ಕಡ್ಡಿ ಕೊಡವಿ ಕೆಳಗೆ ಬೀಳಿಸಿಯೂ ಇದ್ದೆ, ಸೊಪ್ಪಿಗೆ ಅಂಟಬಾರದೆಂದು. ಪಲ್ಲಾವರಂ ದಾಟಿದ ಮೇಲೆ, ಪಕ್ಕದಲ್ಲಿ ಕೂತ ಅತ್ತೆ ‘ಹುಳಕ್ಕೆ ಹೇಳ್ಬಿಟ್ಟು ಬಂದ್ಯಾ?’ ಎಂದು ತಮಾಷೆ ಮಾಡಿದಾಗ, ನನಗೆ ಹೊಳೆಯಿತು. ಸೊಪ್ಪು ನೆನಪಾಗಿತ್ತು. ಹುಳ ಉಳಿಸುವುದು ನೆನಪಾಗಿರಲಿಲ್ಲ. ಮೂವತ್ತು ವರ್ಷ ಒಗ್ಗರಣೆ ಹಾಕಿದ ಕೈ ತನ್ನ ಕೆಲಸ ತಾನು ಮಾಡಿತ್ತು.

ಸಂಜೆ ಕಪ್ಪು ಕನ್ನಡಕದ ಅತ್ತೆಯನ್ನು ಕರೆದುಕೊಂಡು ಬಂದಾಗ ಗೇಟಿನಲ್ಲೇ ಔಷಧಿಯ ನಾತ. ಅವರನ್ನು ಮಲಗಿಸಿ ಹಿತ್ತಲಿಗೆ ಹೋದೆ. ನುಗ್ಗೆಯ ಕೆಳಗೆ ಕಂಬಳಿ ಹುಳಗಳು ಗುಡ್ಡೆ ಬಿದ್ದಿದ್ದವು, ಸರಿ. ಕರಿಬೇವಿನ ಬುಡದಲ್ಲಿ ನಮ್ಮವು. ಎಂಟು ಸಿಕ್ಕಿದವು. ಸ್ಫಟಿಕದ ಹೂವಿನ ಮೇಲೆಲ್ಲ ಬಿಳಿ ಕಲೆ, ಗಣಿಕೆ ಹಣ್ಣಿನ ಮೇಲೂ. ತಿನ್ನುವವರು ತಿಂದು ಸಾಯಲಿ ಎಂದು ಬಿಟ್ಟಹಾಗಿತ್ತು.

ಮೊದಲನೇ ಮಹಡಿಗೆ ಹತ್ತಿದೆ. ಸೆಕ್ರೆಟರಿ ತಮ್ಮ ಬಾಲ್ಕನಿಯ ಕುಂಡದ ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದರು. ರೇಗಿದರೆ ನನ್ನ ತಮಿಳು ಕೈಕೊಡುತ್ತದೆ. ಮೊದಲು ಕನ್ನಡ ಬರುತ್ತದೆ, ಆಮೇಲೆ ಪಾಠದ ಇಂಗ್ಲಿಷು. ಮೂರನ್ನೂ ಕಲಸಿ ಹೇಳಿದ್ದನ್ನು ಅವರು ಸಮಾಧಾನದಿಂದಲೇ ಕೇಳಿದರು.

‘ಎನ್ನ ಮೇಡಂ, ಪುಳು ತಾನೇ? ಪಟ್ಟಾಂಪೂಚ್ಚಿ ಮೇಲ ಯಾರು ಮರುಂದು ಅಡಿಚ್ಚಾಂಗ?’ ಅಂದರು. ಬರೀ ಹುಳ ತಾನೇ, ಚಿಟ್ಟೆಗೆ ಯಾರು ಔಷಧಿ ಹೊಡೆದರು ಎಂದು ನನ್ನನ್ನೇ ಕೇಳುತ್ತಾರೆ! ದಿನಾ ಬೆಳಿಗ್ಗೆ ಚಿಟ್ಟೆ ಕಳಿಸುವ ಮನುಷ್ಯ!

‘ಸಾರ್, ಅದೇ ಇದು, ಇದೇ ಅದು’ ಅಂದೆ. ನಾಲ್ಕು ಬಾಣ ಎಳೆಯಲು ಬೋರ್ಡಿರಲಿಲ್ಲ. ‘ಒಂದು ಮಾತು ಹೇಳಬಹುದಿತ್ತಲ್ಲ?’

ಅವರು ಮೊಬೈಲು ತೆಗೆದು ತೋರಿಸಿದರು. ಹಿಂದಿನ ಬೆಳಿಗ್ಗೆಯ ಆರೂಕಾಲು. ಒಂದು ನೀಲಿ ಚಿಟ್ಟೆ, ಗುಡ್ ಮಾರ್ನಿಂಗ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾಳೆ ಎಲ್ಲ ಗಿಡಗಳಿಗೂ ಔಷಧಿ, ಬೇಡ ಎನ್ನುವವರು ತಿಳಿಸಿ. ಅದರ ಕೆಳಗೆ ನನ್ನ ಹೆಸರಿನಲ್ಲಿ ಎರಡು ಕೈ ಮುಗಿದ ಚಿತ್ರ.

‘ನೀಂಗಳೇ ಕುಂಬಿಟ್ಟೀಂಗಳೇ, ಮೇಡಂ.’ ನೀವೇ ಕೈಮುಗಿದಿದ್ದೀರಲ್ಲ.

ಮೆಟ್ಟಿಲಿಳಿದು ಬಂದೆ. ಆ ಹದಿನೆಂಟು ಮೆಟ್ಟಿಲು ಇಳಿಯುವಾಗ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಅವರ ಮೇಲೆ ಬಂದದ್ದು ಎಷ್ಟು, ನನ್ನ ಮೇಲೆ ಬಂದದ್ದು ಎಷ್ಟು ಎಂದು ಬೇರೆ ಮಾಡಲಾಗಲಿಲ್ಲ. ಓದದೆ ಕೈಮುಗಿಯುವ ಮೇಷ್ಟರಮ್ಮ!

ಅಂದಿನಿಂದ ನನ್ನ ಸುಳ್ಳಿನ ಕಾಲ. ಅತ್ತೆಯ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು. ಬಗ್ಗಬಾರದು, ಬಿಸಿಲಿಗೆ ಹೋಗಬಾರದು, ಹನ್ನೆರಡು ದಿನ ಹಿತ್ತಲಿನ ಮಾತೇ ಇಲ್ಲ. ಪ್ರತಿ ಹನಿಗೂ ಒಂದು ಪ್ರಶ್ನೆ.

‘ಗೂಡು ಕಟ್ಟಿದ್ವಾ?’

‘ಕಟ್ಟಿವೆ ಅತ್ತೆ.’

‘ಎಷ್ಟು?’

‘ಐದು.’

ಮಧ್ಯಾಹ್ನದ ಹನಿಗೆ ಅದು ಆರಾಯಿತು. ಸಾಯಂಕಾಲಕ್ಕೆ ಒಂದು ಗೂಡು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತು. ಸುಳ್ಳಿನ ಗೂಡುಗಳು ನನ್ನ ತಲೆಯಲ್ಲಿ ಎಷ್ಟು ಚೆನ್ನಾಗಿ ಬಲಿಯುತ್ತಿದ್ದವೆಂದರೆ, ನಾನೇ ಅವನ್ನು ನೋಡಲು ಕಿಟಕಿಯತ್ತ ತಿರುಗುತ್ತಿದ್ದೆ. ಇತ್ತ ಅವರ ಕಣ್ಣು ಚೆನ್ನಾಗಿ ತಿಳಿಯಾಯಿತು. ತಿಳಿಯಾದ ಕೂಡಲೇ ಮೊದಲು ಕಂಡದ್ದು ನನ್ನ ಅಡುಗೆಮನೆ. ‘ಅಯ್ಯೋ, ಈ ಟೈಲ್ಸು ಬಿಳೀದಾ? ನಾನು ಇಷ್ಟು ದಿನ ಕಾಫಿ ಬಣ್ಣದ್ದೇ ಹಾಕ್ಸಿದೀರಿ ಅಂದ್ಕೊಂಡಿದ್ದೆ’ ಅಂದರು. ಕಣ್ಣು ಕೊಡಿಸಿದ್ದಕ್ಕೆ ಬಂದ ಬಹುಮಾನ ಅದು.

ಹನ್ನೆರಡನೇ ದಿನ. ಧನುರ್ಮಾಸದ ಬೆಳಿಗ್ಗೆ, ದೇವಸ್ಥಾನದ ಮೈಕು ನಿಂತು ಬೀದಿ ಸುಮ್ಮನಾಗಿತ್ತು. ಊಟವಾದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಬೇಕೆಂದು ಅತ್ತೆ ಆಗಲೇ ಸೀರೆ ಬದಲಾಯಿಸಿ ಕೂತಿದ್ದರು. ಸಾರಿಗೆ ಒಗ್ಗರಣೆ ಹಾಕಿ ಮುಗಿಸಿ, ಅವರ ಮುಂದೆ ಕೂತು, ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆ. ತುಪ್ಪ ಕಾಯಿತು, ಸಾಸಿವೆ ಸಿಡಿಯಿತು, ಇಂಗು ಬಿತ್ತು. ಫ್ರಿಜ್ಜಿನಿಂದ ಪೇಪರಿನ ಪೊಟ್ಟಣ ತೆಗೆದು ಕೊನೆಗುಳಿದಿದ್ದ ಕಡ್ಡಿಯನ್ನು ಕೈಗೆ ತೆಗೆದುಕೊಂಡೆ. ಎಸಳು ಕೀಳುವ ಪುರಸೊತ್ತಿಲ್ಲದೆ ಕಡ್ಡಿಯನ್ನೇ ಹಾಕಿಬಿಡೋಣವೆಂದು ಸೌಟಿನ ಮೇಲೆ ಹಿಡಿದೆ.

ಕಡ್ಡಿ ನನ್ನ ಬೆರಳಿನಲ್ಲಿ ಮಿಸುಕಿತು.

ಸೌಟು ಕೆಳಗೆ ಬಿತ್ತು, ಒಗ್ಗರಣೆ ಆ ಬಿಳಿ ಟೈಲ್ಸಿನ ಮೇಲೆಲ್ಲ ಹರಡಿತು. ಕನ್ನಡಕ ಹಾಕಿಕೊಂಡು ನೋಡಿದೆ. ಎಲೆಯ ಹಸಿರೇ, ಎಲೆಯ ಹಾಗೇ ಮೊನಚು, ಒಂದು ರೇಷ್ಮೆ ಎಳೆಯಲ್ಲಿ ಸೊಂಟ ಕಟ್ಟಿಕೊಂಡು ಕಡ್ಡಿಗೆ ಒರಗಿದ ಗೂಡು. ಒಂಬತ್ತನೆಯದು! ಹುಳವೆಂದು ಕೊಡವಿದ್ದೆನಲ್ಲ, ಇದು ಅಷ್ಟರಲ್ಲೇ ಗೂಡಾಗಿ ನನ್ನ ಕಣ್ಣಿಗೆ ಎಲೆಯಾಗಿ ಕಂಡಿತ್ತು. ಹನ್ನೆರಡು ದಿನ ಹಸಿಮೆಣಸಿನಕಾಯಿ, ಬೀನ್ಸಿನ ಪಕ್ಕದಲ್ಲಿ ತಣ್ಣಗೆ ಮಲಗಿತ್ತು.

ಕಡ್ಡಿ ಹಿಡಿದುಕೊಂಡೇ ಅತ್ತೆಯ ಮುಂದೆ ಕುಸಿದು ಕೂತೆ. ಔಷಧಿ, ಕೈಮುಗಿದದ್ದು, ಸೊಪ್ಪು ಮಾತ್ರ ಉಳಿಸಿಕೊಂಡದ್ದು, ಆರು ಸುಳ್ಳು ಗೂಡು, ಎಲ್ಲ ಹೇಳಿದೆ. ಹೇಳುತ್ತಾ ಅಳು ಬಂತು, ಬರಲಿ ಎಂದು ಬಿಟ್ಟೆ.

ಅತ್ತೆ ಕಪ್ಪು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ನಂಗೊತ್ತು ಕಣೇ. ಅವತ್ತು ಗೇಟಲ್ಲೇ ವಾಸ್ನೆ ಹೊಡೀತಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಮೂಗಿಗೆ ಬಂದಿತ್ತಾ?’

‘ಮತ್ತೆ ದಿನಾ ಯಾಕೆ ಕೇಳ್ತಿದ್ರಿ?’

‘ನೀನು ಹೇಳೋದು ಚೆನ್ನಾಗಿತ್ತು. ಅದಿರ್ಲಿ, ಅದನ್ನ ಕೊಡು ಇತ್ಲಾಗೆ, ಬಿಸಿಲು ಬೀಳೋ ಕಡೆ ಕಟ್ಟಬೇಕು. ಚಳಿ ಹಿಡಿದೈತೆ ಪಾಪ.’

ಹೂವು ಕಟ್ಟುವ ದಾರದಲ್ಲಿ ಕಡ್ಡಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದರು. ಆಮೇಲಿನ ದಿನಗಳಲ್ಲಿ ಅವರು ಕುರ್ಚಿಯನ್ನು ಅಲ್ಲಿಂದ ಕದಲಿಸಲಿಲ್ಲ. ನನಗೆ ಅದು ಬದುಕುತ್ತದೆಂಬ ನಂಬಿಕೆಯಿರಲಿಲ್ಲ, ಹೇಳಲಿಲ್ಲ ಅಷ್ಟೆ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೂಡು ಕಪ್ಪಾಗಿತ್ತು. ಸತ್ತಿತು ಅಂದುಕೊಂಡೆ. ‘ಸುಮ್ನೆ ನಿಂತ್ಕೊ’ ಅಂದರು ಅತ್ತೆ. ಗೂಡಿನ ನೆತ್ತಿ ಬಿರಿಯಿತು. ಒದ್ದೆ ಬಟ್ಟೆಯ ಹಾಗೆ ಮುದುರಿಕೊಂಡ ಏನೋ ಒಂದು ಕಾಲೂರಿ ಈಚೆ ಬಂದು ಕಡ್ಡಿಗೆ ಜೋತುಬಿದ್ದು, ನಿಧಾನವಾಗಿ, ನಾವಿಬ್ಬರೂ ಕಾಫಿ ಮರೆತು ನಿಂತಿದ್ದಂತೆಯೇ, ರೆಕ್ಕೆ ಬಿಚ್ಚಿತು. ಕಾಲು ಆರೇ, ಎಣಿಸಿದೆ. ಮೂವತ್ತು ವರ್ಷಕ್ಕೆ ಮೊದಲು ಎಳೆದ ಬಾಣ ಅವತ್ತು ಹೋಗಿ ಮುಟ್ಟಿತು.

‘ಕೆಂಪು ಬೊಟ್ಟು’ ಅಂದರು ಅತ್ತೆ. ಸೆರಗಿನಿಂದ ಆಪರೇಷನ್ ಆದ ಕಣ್ಣು ಒರೆಸಿಕೊಳ್ಳಲು ಹೋದರು, ಒರೆಸಬಾರದು ಎಂದು ಕೈ ಹಿಡಿದೆ. ಹಿಡಿದ ಕೈಯನ್ನು ಅವರು ಬಿಡಲಿಲ್ಲ. ಬಿಸಿಲೇರಿದಾಗ ಚಿಟ್ಟೆ ಮೇಲಕ್ಕೆ ಹಾರಿತು, ನೇರ ಮೊದಲನೇ ಮಹಡಿಯ ಬಾಲ್ಕನಿಯತ್ತ.

ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಇಳಿದಿರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗುಂಪಿನಲ್ಲಿ ಸೆಕ್ರೆಟರಿಯ ಗೋಳು ಬಂತು. ಅವರ ನಿಂಬೆ ಗಿಡದಲ್ಲಿ ಹುಳ ಬಂದಿದೆ, ಹೋದ ಸಲದ ಔಷಧಿಯವರು ಫೋನೆತ್ತುತ್ತಿಲ್ಲ, ಬೇರೆಯವರ ನಂಬರು ಯಾರಲ್ಲಾದರೂ ಇದೆಯೇ ಎಂದು. ಆ ಚಿಟ್ಟೆ ಇಟ್ಟ ಮೊಟ್ಟೆಯವೋ ಬೇರೆಯದೋ ನಾನು ಪ್ರಮಾಣ ಮಾಡಿ ಹೇಳಲಾರೆ. ನಮ್ಮತ್ತೆ ಮಾಡುತ್ತಾರೆ. ನಾನು ಈ ಸಲ ಕೈಮುಗಿಯದೆ ಉದ್ದನೆಯ ಉತ್ತರ ಬರೆಯಲು ಕೂತೆ. ಬರೆದೆ, ಅಳಿಸಿದೆ, ಇನ್ನೂ ಖಾರವಾಗಿ ಬರೆದೆ. ತಲೆಯೆತ್ತಿದರೆ ಕುರ್ಚಿಯಲ್ಲಿ ಅತ್ತೆ ಇಲ್ಲ.

ಮೇಲೆ ಓಡಿದೆ. ಸೆಕ್ರೆಟರಿಯ ಬಾಲ್ಕನಿಯಲ್ಲಿ, ಅವರ ಕುರ್ಚಿಯಲ್ಲಿ, ನಿಂಬೆ ಕುಂಡದ ಮುಂದೆ ನಮ್ಮತ್ತೆ ಕೂತಿದ್ದರು. ಹದಿನೆಂಟು ಮೆಟ್ಟಿಲು ಒಬ್ಬರೇ ಹತ್ತಿದ್ದರು. ಸೆಕ್ರೆಟರಿ ಔಷಧಿಯ ಬಾಟಲಿ ಹಿಡಿದು ಹಿಂದೆ ನಿಂತಿದ್ದರು. ‘ಪಾಟ್ಟಿ, ತಳ್ಳಿ ಉಕ್ಕಾರುಂಗೊ’ ಎಂದು ಬೇಡಿಕೊಳ್ಳುತ್ತಿದ್ದರು, ಅಜ್ಜಿ ಸ್ವಲ್ಪ ಆಚೆ ಕೂತ್ಕೊಳ್ಳಿ ಎಂದು. ಅತ್ತೆ ಬಾಟಲಿಯನ್ನು ನೋಡಿ, ‘ಪೋದುಂ’ ಅಂದರು. ಸಾಕು. ಆಮೇಲೆ ಕುಂಡದತ್ತ ಬೆರಳು ಮಾಡಿ ‘ವಾಂಗೊ’ ಅಂದರು. ಬನ್ನಿ. ಎರಡು ವರ್ಷದಲ್ಲಿ ಕಲಿತ ಎರಡೇ ಮಾತು, ಎರಡೂ ಖರ್ಚಾದವು. ಉಳಿದದ್ದನ್ನು ಕನ್ನಡದಲ್ಲೇ ಹೇಳಿದರು. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ, ಎಂಬತ್ತೊಂದು ವರ್ಷದವರ ತಲೆಯ ಮೇಲೆ ಔಷಧಿ ಹೊಡೆಯುವಂತಿಲ್ಲವಲ್ಲ. ಮರುದಿನವೂ ಒಂಬತ್ತಕ್ಕೆ ಅತ್ತೆ ಮೇಲೆ ಹತ್ತಿದರು. ಅದರ ಮರುದಿನವೂ. ನನ್ನ ಖಾರದ ಉತ್ತರ ಮೊಬೈಲಿನಲ್ಲೇ ಕೊಳೆಯಿತು.

ಇವತ್ತು ಬೆಳಿಗ್ಗೆ ಆರೂಕಾಲಕ್ಕೆ ಟಿಣ್ ಅಂದಿತು. ಗುಡ್ ಮಾರ್ನಿಂಗ್, ಚಿನ್ನದ ಅಕ್ಷರವೇ. ಆದರೆ ಗುಲಾಬಿಯಿಲ್ಲ, ಸೂರ್ಯನಿಲ್ಲ. ನಿಂಬೆ ಎಲೆಯ ಮೇಲೆ ದಪ್ಪನೆಯ ಒಂದು ಹಸಿರು ಹುಳ, ಕೊಂಬು ಬಿಟ್ಟುಕೊಂಡು ಕೂತಿದೆ. ಸೆಕ್ರೆಟರಿಯೇ ತೆಗೆದ ಚಿತ್ರ. ಅಷ್ಟು ಹೊತ್ತಿಗಾಗಲೇ ಹನ್ನೊಂದು ಜನ ಕೈಮುಗಿದಿದ್ದರು, ಹುಳಕ್ಕೆ! ನೋಡಿ ಕೈಮುಗಿದರೋ ನೋಡದೆ ಕೈಮುಗಿದರೋ, ಆ ಸಿಟ್ಟು ನನ್ನದು ನನಗಿರಲಿ. ಸೆಕ್ರೆಟರಿಗೆ ಚಿತ್ರ ತೆಗೆಯಲು ಇನ್ನೂ ಬರುವುದಿಲ್ಲ. ಅರ್ಧ ಚಿತ್ರವನ್ನು ಒಂದು ಬೆರಳು ತುಂಬಿಕೊಂಡಿದೆ, ಸುಕ್ಕುಗಟ್ಟಿದ್ದು, ಉಗುರಿನ ಸಂದಿಯಲ್ಲಿ ಅರಿಶಿನ ಇರುವಂಥದ್ದು. ಇಗೋ, ಇಲ್ಲಿದೆ ನೋಡು ಎಂದು ತೋರಿಸುತ್ತಿರುವ ಆ ಬೆರಳು ನಮ್ಮತ್ತೆಯದು.